ಕಾಡು ಶೇಂಗಾ ಉಳಿಸೋಕೆ ಸರ್ಕಾರದ ದುಡ್ಡು ಯಾಕೆ?

ಪ್ರಶ್ನೆ (ಚಳ್ಳಕೆರೆ ಕಡೆಯ ರೈತ): ಸರ್, ಬೆಳೆಗಳ ಕಾಡು ಜಾತಿಗಳನ್ನು ಉಳಿಸೋಕೆ ನಾರ್ವೆ ಸರ್ಕಾರ ಕೋಟಿಗಟ್ಟಲೆ ಕೊಟ್ಟಿದೆ ಅಂತ ಓದಿದೆ. ಇಲ್ಲಿ ನಮಗೆ ಮಳೆ ಇಲ್ಲ, ಶೇಂಗಾಕ್ಕೆ ರೇಟಿಲ್ಲ. ಆ ದುಡ್ಡಿಂದ ನಮ್ಮ ಹೊಲಕ್ಕೆ ಏನು ಬಂತು? ತಿಳ್ಕೊಳ್ಳೋಕೆ ಕೇಳ್ತಿದ್ದೇನೆ.

ಉತ್ತರ (ತಳಿ ವಿಜ್ಞಾನಿ): ನಿಮ್ಮ ಹೊಲದಿಂದಲೇ ಶುರು ಮಾಡೋಣ. ಶೇಂಗಾ ಎಲೆ ಮೇಲೆ ಕಪ್ಪು ಚುಕ್ಕೆ ಬೀಳುತ್ತದಲ್ಲ, ಅದು ಟಿಕ್ಕಾ. ಎಲೆ ಮಗುಚಿ ಬೆರಳಾಡಿಸಿದಾಗ ಕಿತ್ತಳೆ ಪುಡಿ ಅಂಟಿದರೆ ತುಕ್ಕು ರೋಗ. ಎರಡೂ ಸೇರಿದರೆ ಕೀಳೋ ಹೊತ್ತಿಗೆ ಬರೀ ಕಡ್ಡಿ ಉಳಿಯುತ್ತದೆ, ದನಕ್ಕೆ ಹೊಟ್ಟೂ ಇಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಜಿಪಿಬಿಡಿ-4 ತಳಿ ಇವೆರಡನ್ನೂ ಚೆನ್ನಾಗಿ ತಡೆಯುತ್ತದೆ. ಆ ಶಕ್ತಿ ಬಂದಿದ್ದು ಬೊಲಿವಿಯಾ ಕಡೆಯ ಒಂದು ಕಾಡು ಶೇಂಗಾದಿಂದ. ಹೆಸರು ಅರಾಕಿಸ್ ಕಾರ್ಡೆನಾಸಿ. ಅದರ ರಕ್ತ ಇದ್ದ, ಹೈದರಾಬಾದ್ ಹತ್ತಿರದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ತಳಿಯೊಂದು ಜಿಪಿಬಿಡಿ-4ಕ್ಕೆ ಹೆತ್ತವರಲ್ಲೊಂದು.

ಇದು ಸುಲಭವಾಗಿ ಆದ ಕೆಲಸ ಅಲ್ಲ. ಗಿಡದ ಗುಣಗಳನ್ನು ಪೀಳಿಗೆಗೆ ದಾಟಿಸುವ ಕ್ರೋಮೋಸೋಮ್ ಕಾಡು ಶೇಂಗಾಕ್ಕೆ 20, ನಮ್ಮದಕ್ಕೆ 40. ಕೂಡಿಸಿದರೆ 30 ಇರುವ ಗಿಡ ಹುಟ್ಟುತ್ತದೆ, ಅದು ಬಂಜೆ. ಅದನ್ನು 60 ಮಾಡಿ, ಆಮೇಲೆ ಪೀಳಿಗೆ ಮೇಲೆ ಪೀಳಿಗೆ ಬೆಳೆದು 40ಕ್ಕೆ ಇಳಿಸಬೇಕು. ಕಾಡು ಗಿಡದ ಕಾಯಿ ಕೀಳುವುದೂ ಕಷ್ಟ. ಎರಡು ಕಾಳಿನ ನಡುವೆ ದಾರದಂಥ ಎಳೆ ಇರುತ್ತದೆ. ಗಿಡ ಎಳೆದರೆ ಎಳೆ ತುಂಡಾಗಿ ಕಾಯಿ ಮಣ್ಣಲ್ಲೇ ಉಳಿಯುತ್ತದೆ. ಮಣ್ಣು ಜರಡಿ ಹಿಡಿದು ಒಂದೊಂದೇ ಕಾಳು ಆರಿಸಬೇಕು. ನಾನೂ ಕೂತು ಆರಿಸಿದ್ದೇನೆ, ಇಡೀ ದಿನಕ್ಕೆ ಒಂದು ಹಿಡಿ. ಹೀಗೆ ವರ್ಷಗಟ್ಟಲೆ ಯಾವ ಕಂಪನಿ ಕಾಯುತ್ತದೆ ಹೇಳಿ? ಶೇಂಗಾ ಬೀಜ ನೀವು ಮನೆಯಲ್ಲೇ ಇಟ್ಟುಕೊಳ್ಳುತ್ತೀರಿ, ಪ್ರತಿ ವರ್ಷ ಕೊಳ್ಳುವುದಿಲ್ಲ. ಅವರಿಗೆ ಲಾಭ ಎಲ್ಲಿ? ಅದಕ್ಕೇ ಇಲ್ಲಿ ಸರ್ಕಾರದ ದುಡ್ಡೇ ಬೇಕು.

ಪ್ರಶ್ನೆ (ಹರಿಹರ, ಭದ್ರಾ ನಾಲೆ ಭಾಗ): ಭತ್ತಕ್ಕೂ ಹೀಗೇನಾ?

ಉತ್ತರ: ಹೌದು. ಐಆರ್-36 ಅನ್ನುವ ಭತ್ತದ ತಳಿಗೆ ಗ್ರಾಸಿ ಸ್ಟಂಟ್ ವೈರಸ್ (ಗಿಡ ಕುಳ್ಳಾಗಿಸುವ ರೋಗ) ತಡೆಯುವ ಗುಣ ಬಂದಿದ್ದು ನಮ್ಮ ಉತ್ತರ ಪ್ರದೇಶದ ಕಾಡು ಭತ್ತದಿಂದ. ಸಾವಿರಾರು ಮಾದರಿ ಪರೀಕ್ಷಿಸಿದಾಗ ಸಿಕ್ಕಿದ್ದು ಅದೊಂದೇ.

ಪ್ರಶ್ನೆ (ಹೊಸದುರ್ಗ): ಹೊರಗಿನವರು ನಮ್ಮ ಬೀಜ ಒಯ್ದು ಅವರ ಹೆಸರಿಗೆ ಮಾಡಿಕೊಂಡರೆ?

ಉತ್ತರ: ಈ ಭಯ ಸರಿಯಾದದ್ದೇ. ಅದಕ್ಕೇ 2004ರಿಂದ ಬೆಳೆಗಳ ಬೀಜ, ತಳಿ ಹಂಚಿಕೊಳ್ಳುವ ಬಗ್ಗೆ ಒಂದು ಅಂತರರಾಷ್ಟ್ರೀಯ ಒಪ್ಪಂದ ಜಾರಿಯಲ್ಲಿದೆ, ಭಾರತವೂ ಸದಸ್ಯ. ಅದರ ಅಡಿ ಪಡೆದ ಬೀಜವನ್ನು ಹಾಗೇ ಇಟ್ಟುಕೊಂಡು 'ಇದು ನನ್ನದು' ಅನ್ನುವಂತಿಲ್ಲ. ಹೊಸ ತಳಿ ಮಾಡಿ ಬೇರೆಯವರಿಗೆ ಸಿಗದಂತೆ ಬೀಗ ಹಾಕಿದರೆ ಮಾರಾಟದಲ್ಲಿ ಪಾಲು ಕಟ್ಟಬೇಕು. ನಾರ್ವೆ ತನ್ನಲ್ಲಿ ಮಾರಾಟವಾಗುವ ಬೀಜದ ಮೌಲ್ಯದ ಶೇ. 0.1ರಷ್ಟನ್ನು ಈ ಒಪ್ಪಂದದ ನಿಧಿಗೆ ಕೊಡುತ್ತದೆ. ಚಳ್ಳಕೆರೆಯವರು ಓದಿದ, ಕಾಡು ಜಾತಿ ಉಳಿಸುವ ಯೋಜನೆ ಬೇರೆ, ಅದು 2011ರಲ್ಲಿ ಶುರುವಾಯಿತು. 10 ವರ್ಷ, 5 ಕೋಟಿ ಡಾಲರ್. 25 ದೇಶಗಳಿಂದ 4,600ಕ್ಕೂ ಜಾಸ್ತಿ ಬೀಜದ ಮಾದರಿ ಬಂದವು.

ಒಂದು ಮಾತು ಮುಚ್ಚಿಡುವುದಿಲ್ಲ. ಒಪ್ಪಂದದ ಬೆಳೆಪಟ್ಟಿಯಲ್ಲಿ ಶೇಂಗಾ ಇಲ್ಲ. ನಾರ್ವೆ ಯೋಜನೆಯಲ್ಲೂ ರಾಗಿ, ಜೋಳ, ತೊಗರಿ ಇದ್ದವು, ಶೇಂಗಾ ಇರಲಿಲ್ಲ. ಚಳ್ಳಕೆರೆಯವರ ಅನ್ನದ ಬೆಳೆಯೇ ಹೊರಗೆ ಉಳಿಯಿತು. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಪ್ರಶ್ನೆ (ಚಿತ್ರದುರ್ಗ): ಇಲ್ಲಿಂದ ನಾವೇನು ಮಾಡಬಹುದು?

ಉತ್ತರ: ಜೋಗಿಮಟ್ಟಿ ಕಡೆಯಂಥ ಕುರುಚಲಲ್ಲಿ, ಹೊಲದ ಬದುವಿನಲ್ಲಿ ಕಾಡು ತೊಗರಿ ಬಳ್ಳಿ ಕಾಣಬಹುದು. ಮೂರೆಲೆ, ಹಳದಿ ಹೂ, ರೋಮ ಇರುವ ಪುಟ್ಟ ಕಾಯಿ. ಬದುವಿಗೆ ಬೆಂಕಿ ಹಾಕುವ ಮುಂಚೆ ಒಮ್ಮೆ ನೋಡಿ. ಕೀಳಬೇಡಿ. ಎಲೆ, ಹೂ, ಕಾಯಿ ಮೂರೂ ಕಾಣುವಂತೆ ಫೋಟೋ ತೆಗೆದು ಇಲ್ಲಿ ಹಾಕಿ, ಜಾತಿ ಯಾವುದು ಅಂತ ನಾನು ನೋಡಿ ಹೇಳುತ್ತೇನೆ. ಹೌದಾದರೆ ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆಸೋಣ.