ನಾನ್ ಮಡೋಲ್‌ಗೆ ಹೋಗಿ ಬಂದವರು ಯಾರಾದರೂ ಇದ್ದೀರಾ?

ಮಂಡ್ಯದಿಂದ ಒಬ್ಬ ನಿವೃತ್ತ ಶಿಕ್ಷಕಿ:
ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದೆ. ಪೆಸಿಫಿಕ್ ಸಾಗರದ ಪೊನ್‌ಪೇ ದ್ವೀಪದ ಪಕ್ಕ, ಸಮುದ್ರದ ನೀರಿನಲ್ಲೇ ಕಟ್ಟಿದ ಹಳೇ ಕಲ್ಲಿನ ಊರು ಇದೆಯಲ್ಲ, ನಾನ್ ಮಡೋಲ್, ಅದನ್ನು ನೋಡುವ ಆಸೆ ಬಹಳ ವರ್ಷದ್ದು. ನಮ್ಮ ಯಜಮಾನರಿಗೆ 64 ವರ್ಷ, ಮಂಡಿ ನೋವಿದೆ. ಇಬ್ಬರೂ ಸಸ್ಯಾಹಾರಿಗಳು. ನಮ್ಮಂಥವರು ಹೋಗಬಹುದಾ? ಹೋಗಿ ಬಂದವರು ಹೇಳಿ.

ಮೈಸೂರು, ಸರಸ್ವತಿಪುರಂ:
ಖಂಡಿತ ಹೋಗಿ ಮೇಡಂ. ಅಲ್ಲಿಗೆ ಎರಡು ದಾರಿ. ಒಂದು, ಕಾರಿನಲ್ಲಿ ಪೊನ್‌ಪೇಗೆ ರಸ್ತೆಯಿಂದ ಸೇರಿಕೊಂಡಿರುವ ಟೆಮ್ವೆನ್ ದ್ವೀಪದವರೆಗೆ ಹೋಗಿ, ಆಮೇಲೆ ಕಾಡಿನೊಳಗೆ ನಡೆಯುವುದು. ಕೊನೆಯ ಕಾಲುವೆಯನ್ನು ನೀರಿನಲ್ಲಿ ಇಳಿದೇ ದಾಟಬೇಕು, ಅದಕ್ಕೆ ಇಳಿತದ ಹೊತ್ತು ಬೇಕು. ಇನ್ನೊಂದು ದೋಣಿ. ದೋಣಿಗೆ ಉಬ್ಬರ ಬೇಕು, ಇಲ್ಲದಿದ್ದರೆ ಕಾಲುವೆಯಲ್ಲಿ ಸಿಕ್ಕಿಕೊಳ್ಳುತ್ತದೆ. ನಾನು ಇದನ್ನು ವಿಚಾರಿಸದೆ ಹೋದೆ. ಮೊದಲ ದಿನ ದೋಣಿ ಕೆಸರಿನಲ್ಲಿ ನಿಂತೇ ಬಿಟ್ಟಿತು. ಪಾಚಿ ಕಟ್ಟಿದ ಕಲ್ಲಿನ ಮೇಲೆ ಹೆಜ್ಜೆ ಊರುವುದೇ ಕಷ್ಟವಾಯಿತು. ಮಾರನೇ ದಿನ ನೀರು ತುಂಬಿದಾಗ ಹೋದೆ, ಗೋಡೆಯ ಬುಡಕ್ಕೇ ಇಳಿಸಿದರು. ನಿಮ್ಮ ಯಜಮಾನರಿಗೆ ದೋಣಿಯೇ ಸರಿ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಉಬ್ಬರ ಜಾಸ್ತಿ, ಆದರೆ ಇಳಿತವೂ ಅಷ್ಟೇ ಜಾಸ್ತಿ. ದೋಣಿಯವರ ಹತ್ತಿರ ಗಂಟೆ ಕೇಳಿಕೊಂಡೇ ಹೊರಡಿ.

ನೋಡುವುದೇನು ಅಂತೀರಾ? ಹವಳದ ದಿಬ್ಬದ ಮೇಲೆ ಮನುಷ್ಯರೇ ಕಟ್ಟಿದ ಸುಮಾರು ನೂರು ಪುಟ್ಟ ದ್ವೀಪಗಳು, ನಡುವೆ ಕಾಲುವೆಗಳು. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬದ ಹಾಗೆ ನಿಂತ ಕಲ್ಲು ನೋಡಿದ್ದೀರಲ್ವಾ? ಲಾವಾ ಆರುವಾಗ ಬಿರುಕು ಬಿಟ್ಟು ಆಗುವ ಅಂಥದೇ ಕಲ್ಲು. ಅದನ್ನು ಸೌದೆ ಒಟ್ಟಿದ ಹಾಗೆ, ಒಂದು ಸಾಲು ಉದ್ದಕ್ಕೆ, ಒಂದು ಸಾಲು ಅಡ್ಡಕ್ಕೆ ಜೋಡಿಸಿದ್ದಾರೆ. ಗಾರೆ ಇಲ್ಲ. ರಾಜರ ಸಮಾಧಿ ಇರುವ ನಾನ್‌ಡೋವಾಸ್‌ನಲ್ಲಿ ಗೋಡೆ ಸುಮಾರು 25 ಅಡಿ. ಈ ಸಮಾಧಿ 1180ರ ಆಸುಪಾಸಿನದು ಅಂತ ಹವಳದ ಕಾಲಮಾನ ಪರೀಕ್ಷೆಯಿಂದ ತಿಳಿದಿದೆ. ನಮ್ಮಲ್ಲಿ ಹೊಯ್ಸಳರ ಕಾಲ! ಅದರ ಕಲ್ಲು ದ್ವೀಪದ ಆಚೆ ಬದಿಯಿಂದ ಬಂದದ್ದು. ಹೇಗೆ ತಂದರು? ಒಲಿಸಿಪಾ, ಒಲೊಸೊಪಾ ಎಂಬ ಇಬ್ಬರು ಅಣ್ಣತಮ್ಮಂದಿರು ಮಂತ್ರದಿಂದ ಕಲ್ಲು ಹಾರಿಸಿ ತಂದರು ಅಂತ ಅಲ್ಲಿಯವರ ಕತೆ. ಬೇರೆ ಗ್ರಹದವರು ಕಟ್ಟಿದರು ಅನ್ನುವ ವಿಡಿಯೋಗಳನ್ನು ಮಾತ್ರ ನಂಬಬೇಡಿ. ಕಟ್ಟಿದ್ದು ಅದೇ ದ್ವೀಪದ ಜನರ ಹಿರಿಯರು. ಆ ಗೋಡೆ ಕೆಳಗೆ ನಿಂತರೆ ನಿಮಗೇ ಗೊತ್ತಾಗುತ್ತದೆ, ಎಷ್ಟು ಕೈಗಳ ಕೆಲಸ ಅದು ಅಂತ.

ಮೈಸೂರು, ಕುವೆಂಪುನಗರ:
ವೀಸಾ ವಿಷಯ ಹೇಳಿಬಿಡುತ್ತೇನೆ. ಪೊನ್‌ಪೇ ಇರುವುದು ಮೈಕ್ರೊನೇಷಿಯಾ ದೇಶದಲ್ಲಿ, ಅಲ್ಲಿಗೆ ಪ್ರವಾಸಿಯಾಗಿ 30 ದಿನದವರೆಗೆ ವೀಸಾ ಬೇಡ. ಆದರೆ ನಾವು ಗುವಾಮ್ ಮೇಲೆ ಹೋದೆವು, ಅದು ಅಮೆರಿಕದ ನೆಲ. ಹೊನೊಲುಲು ಮೇಲೆ ಹೋದರೂ ಅಷ್ಟೇ. ಅಮೆರಿಕ ವೀಸಾ ಮೊದಲೇ ಮಾಡಿಸಿ. ಆ ವಿಮಾನ ದಿನಾ ಇರುವುದಿಲ್ಲ, ಕೈಯಲ್ಲಿ ಎರಡು ಮೂರು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಖರ್ಚಿಗೆ ಡಾಲರ್ ನಗದು ಇರಲಿ. ಮಳೆ ವರ್ಷವಿಡೀ, 4,500 ಮಿ.ಮೀ.ಗೂ ಜಾಸ್ತಿ.

ಶ್ರೀರಂಗಪಟ್ಟಣ:
ಊಟಕ್ಕೆ ಹೆದರಬೇಡಿ ಅಕ್ಕ. ಜೀಗುಜ್ಜೆ, ಬಾಳೆ, ಗೆಡ್ಡೆ ಗೆಣಸು ಎಲ್ಲ ಕಡೆ ಸಿಗುತ್ತದೆ, ಅಲ್ಲಿಯ ಕರಿಮೆಣಸು ಬಹಳ ಚೆನ್ನ. ಅವಲಕ್ಕಿ, ಚಟ್ನಿಪುಡಿ ಒಯ್ದರೆ ಸಾಕು. ನಾನ್ ಮಡೋಲ್‌ನಲ್ಲಿ ಕುಡಿಯುವ ನೀರಿಲ್ಲ, ಬಾಟಲಿ ತುಂಬಿಸಿಕೊಳ್ಳಿ.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ. ಅದು ಅವರಿಗೆ ಹಿರಿಯರ ಜಾಗ. ದಾರಿಯಲ್ಲಿ ಜಮೀನಿನ ಮನೆಯವರು ದುಡ್ಡು ಕೇಳುತ್ತಾರೆ, ಚೌಕಾಸಿ ಮಾಡದೆ ಕೊಡಿ. ಕತ್ತಲಾಗುವ ಮುಂಚೆ ಹೊರಡಿ ಅಂದರೆ ಹೊರಡಿ. ಗೋಡೆ ಹತ್ತಬೇಡಿ, ಒಂದು ಚೂರು ಕಲ್ಲೂ ತರಬೇಡಿ. 2016ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದಾಗಲೇ ಅಪಾಯದಲ್ಲಿರುವ ತಾಣ ಅಂತಲೂ ಗುರುತಿಸಿದರು. ಕಾಲುವೆಗಳಲ್ಲಿ ಹೂಳು ತುಂಬುತ್ತಿದೆ, ಮ್ಯಾಂಗ್ರೋವ್ ಬೇರು ಗೋಡೆ ಸೀಳುತ್ತಿದೆ. ನನ್ನ ಕಣ್ಣಾರೆ ನೋಡಿ ಹೊಟ್ಟೆ ಉರಿಯಿತು.

ಮಂಡ್ಯದ ಶಿಕ್ಷಕಿ:
ಎಲ್ಲವನ್ನೂ ಯಜಮಾನರಿಗೆ ಓದಿ ಹೇಳಿದೆ. ಅವರಾಗಲೇ ಕ್ಯಾಲೆಂಡರ್ ತೆಗೆದು ಹುಣ್ಣಿಮೆಗಳಿಗೆ ಗುರುತು ಹಾಕುತ್ತಿದ್ದಾರೆ. ಈ ವಾರ ವೀಸಾಗೆ ಅರ್ಜಿ ಹಾಕುತ್ತೇವೆ. ಸರಸ್ವತಿಪುರಂನವರೇ, ನೀವು ಹೋದ ದೋಣಿಯಲ್ಲಿ ಹತ್ತಿ ಇಳಿಯಲು ಮೆಟ್ಟಿಲು ಇತ್ತಾ?