ಮೂರು ಸಲ ಕಿತ್ತರೂ ಬದನಿಕೆ ಮತ್ತೆ ಚಿಗುರುತ್ತಿದೆ, ಔಷಧ ಹೇಳಿ

ಹಾನಗಲ್ಲ_ತೋಟ:
ಮೂರು ವರ್ಷದಿಂದ ತೋಟದ ಮರಗಳ ಕೊಂಬೆ ಕಚ್ಚಿ ಬೆಳೆಯುವ ಪರಾವಲಂಬಿ ಗಿಡ ಬದನಿಕೆಯನ್ನು ಕೀಳಿಸುತ್ತಿದ್ದೇನೆ, ಕೂಲಿ ದಂಡ. ಮಳೆಗಾಲ ಮುಗಿಯುವುದರೊಳಗೆ ಅದೇ ಜಾಗದಲ್ಲಿ ಇಮ್ಮಡಿ ಚಿಗುರು. ಅದರಾಚೆಗಿನ ಕೊಂಬೆ ಒಣಗುತ್ತಿದೆ, ಕಾಯಿ ದಪ್ಪವಾಗುತ್ತಿಲ್ಲ. ಅಂಗಡಿಯವರು ಕೊಟ್ಟ ಔಷಧಕ್ಕೂ ಜಗ್ಗಲಿಲ್ಲ. ಏನು ಹೊಡೆಯಬೇಕು, ಅಷ್ಟು ಹೇಳಿ. ಉಪದೇಶ ಬೇಡ.

ಬಸಿಗಾಲುವೆ_ಭಟ್ಟ:
ಕೊಂಬೆ ಒಣಗುವುದು ಬದನಿಕೆಯಿಂದಲ್ಲ, ಬುಡದಲ್ಲಿ ನೀರು ನಿಂತು. ಸೋತ ಮರದ ಮೇಲೆಯೇ ಅದು ಏರಿ ಕೂರುವುದು. ಮೊದಲು ಬಸಿಗಾಲುವೆ ತೆಗೆಸಿ.

ರಾಮನಗರ_ಬಾದಾಮಿ:
ಮಾವಿಗೆ ಹೂ ಬರಿಸುವ ಕಲ್ಟಾರ್ ಹಾಕಿದ್ದೀರಾ? ಹೂ ಬರುವ ಮುಂಚೆ 2,4-ಡಿ ಕಳೆನಾಶಕದ ದ್ರಾವಣದಲ್ಲಿ ಹತ್ತಿ ಅದ್ದಿ ಬದನಿಕೆಯ ಕಾಂಡಕ್ಕೆ ಕಟ್ಟಿ. ನಮ್ಮ ಬಾದಾಮಿ ಮಾವಿನ ಮರಗಳಲ್ಲಿ ಕೆಲಸ ಮಾಡಿದೆ.

ಹಾನಗಲ್ಲ_ತೋಟ:
ಭಟ್ಟರೇ, ನಮ್ಮದು ಇಳಿಜಾರಿನ ಮಸಾರಿ ಭೂಮಿ. ನೀರು ನಿಲ್ಲುವ ಮಾತೇ ಇಲ್ಲ.

ಬಸಿಗಾಲುವೆ_ಭಟ್ಟ:
ಮೇಲೆ ಮಸಾರಿ, ಮೂರಡಿ ಕೆಳಗೆ? ಗುಂಡಿ ತೆಗೆದು ನೋಡಿದ್ದೀರಾ?

ಬಿಳಿಗಿರಿ_ನೆಲ್ಲಿ:
ನಮ್ಮ ಬೆಟ್ಟದ ನೆಲ್ಲಿ ಮರಗಳಿಗೂ ಇದೇ ಕಾಟ. ಸೋಲಿಗರು ಇದನ್ನು ಉಪ್ಪಿಲು ಎನ್ನುತ್ತಾರೆ. ಹಿಂದೆ ತರಗು ಬೆಂಕಿ ಹಾಕುತ್ತಿದ್ದಾಗ ಇಷ್ಟು ಇರಲಿಲ್ಲ, ಬೆಂಕಿ ನಿಂತ ಮೇಲೆ ಹೆಚ್ಚಿತು ಎಂಬುದು ಅವರ ಮಾತು.

ರಾಮನಗರ_ಬಾದಾಮಿ:
ಹಾಗಾದರೆ ಅವರು ತೋಟಕ್ಕೆ ಬೆಂಕಿ ಇಡಬೇಕೇ?

ಬಿಳಿಗಿರಿ_ನೆಲ್ಲಿ:
ಕಾಡಿನ ಮಾತು ಹೇಳಿದೆ. ಓದುವುದಕ್ಕೂ ಸ್ವಲ್ಪ ವ್ಯವಧಾನ ಬೇಕು.

ಹಳೆಗತ್ತಿ:
ಮರ ಯಾವುದು, ಬದನಿಕೆಯನ್ನು ಎಲ್ಲಿಂದ ಕಿತ್ತಿರಿ, ಅಂಗಡಿಯ ಔಷಧ ಯಾವುದು? ಮೂರೂ ಹೇಳದೆ ಪರಿಹಾರ ಕೇಳಿದರೆ ಹೇಗೆ?

ಹಾನಗಲ್ಲ_ತೋಟ:
ಚಿಕ್ಕು. ಕಾಲಿಪತ್ತಿ ತಳಿ, 30 ವರ್ಷದ ಮರಗಳು. ದೋಟಿಯ ಕೊಕ್ಕೆ ಹಾಕಿ ಎಳೆಸುತ್ತೇವೆ, ಕಂತೆ ಕಂತೆಯಾಗಿ ಬೀಳುತ್ತದೆ. ಬಾಟಲಿಯ ಚೀಟಿ ಹರಿದಿತ್ತು.

ರಾಮನಗರ_ಬಾದಾಮಿ:
ಚಿಕ್ಕು ಎಂದು ಮೊದಲೇ ಹೇಳಬಾರದೇ?

ಹಾನಗಲ್ಲ_ತೋಟ:
ಹಾನಗಲ್ಲ ಎಂದ ಕೂಡಲೇ ಮಾವು ಎಂದುಕೊಂಡವರು ನೀವು.

ಹಳೆಗತ್ತಿ:
ಎಳೆದು ಮುರಿದರೆ ಬದನಿಕೆಗೆ ಕ್ಷೌರ ಮಾಡಿಸಿದಂತೆ, ಅಷ್ಟೇ. ಅದರ ಬೇರು ಕೊಂಬೆಯ ಮರದೊಳಗೆ ಇಳಿದಿರುತ್ತದೆ. ಜೊತೆಗೆ ತೊಗಟೆಯ ಮೇಲೆ ಬಳ್ಳಿಯಂತೆ ಹರಿದು ಅಲ್ಲಲ್ಲಿ ಹೊಸದಾಗಿ ಕಚ್ಚಿಕೊಳ್ಳುತ್ತದೆ. ಎಲೆ ಹಸಿರಾಗಿರುವುದರಿಂದ ಅಡುಗೆ ತಾನೇ ಮಾಡಿಕೊಳ್ಳುತ್ತದೆ. ನೀರು, ಲವಣ ಮಾತ್ರ ನಿಮ್ಮ ಮರದ್ದು. ಅದಕ್ಕೇ ಆಚೆಗಿನ ಕೊಂಬೆ ಒಣಗುವುದು. ಭಟ್ಟರು ಕ್ಷಮಿಸಬೇಕು, ಗುಂಡಿ ತೋಡಬೇಕಿಲ್ಲ.

ಕಚ್ಚಿದ ಜಾಗಕ್ಕಿಂತ ಒಂದಡಿ ಕೆಳಗೆ, ಅಂದರೆ ಕಾಂಡದ ಕಡೆಗೆ, ಕೊಂಬೆಯನ್ನೇ ಗರಗಸದಿಂದ ಕತ್ತರಿಸಿ. ಗಾಯಕ್ಕೆ ಬೋರ್ಡೋ ಮುಲಾಮು: ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 10 ಲೀಟರ್. ದಪ್ಪ ಕೊಂಬೆಯಾಗಿ ಕತ್ತರಿಸಲು ಮನಸ್ಸು ಬಾರದಿದ್ದರೆ ಬದನಿಕೆಯನ್ನು ಬುಡಮಟ್ಟ ಕೆತ್ತಿ, ಚಿಗುರು ಬಂದಾಗಲೆಲ್ಲ ತೆಗೆಯುತ್ತಿರಿ. 2,4-ಡಿ ಸಿಂಪಡಿಸುವ ಯೋಚನೆ ಬೇಡ. ಅಗಲ ಎಲೆಯ ಗಿಡ ಕೊಲ್ಲುವ ಔಷಧಕ್ಕೆ ಚಿಕ್ಕು ಯಾವುದು, ಬದನಿಕೆ ಯಾವುದು?

ರಾಮನಗರ_ಬಾದಾಮಿ:
ನಾನು ಹತ್ತಿ ಕಟ್ಟಿ ಎಂದೆ, ಸಿಂಪಡಿಸಿ ಎನ್ನಲಿಲ್ಲ.

ಶಿರಸಿ_ಅಡಿಕೆ:
ನಮ್ಮ ಹಲಸಿನ ಮೇಲಿನ ಸೀತಾಳೆ ದಂಡೆಯನ್ನೂ ಹೀಗೆಯೇ ಕೀಳಿಸಿದ್ದೇನೆ. ಈ ಬದನಿಕೆಗಳೆಲ್ಲ ಒಂದೇ.

ಬಿಳಿಗಿರಿ_ನೆಲ್ಲಿ:
ಅಯ್ಯೋ, ಅದು ಆರ್ಕಿಡ್! ತೊಗಟೆಯ ಮೇಲೆ ಸುಮ್ಮನೆ ಕುಳಿತಿರುತ್ತದೆ, ಮರದಿಂದ ಹನಿ ನೀರೂ ಕದಿಯುವುದಿಲ್ಲ.

ಶಿರಸಿ_ಅಡಿಕೆ:
ಮರದ ಮೇಲೆ ಕುಳಿತದ್ದೆಲ್ಲ ಮರಕ್ಕೆ ಭಾರವೇ. ಅದಿರಲಿ, ಕೊಕ್ಕೆ ಏಕೆ? ನನ್ನ ಬಳಿ 70 ಅಡಿಯ ಕಾರ್ಬನ್ ಫೈಬರ್ ದೋಟಿ ಇದೆ. ತುದಿಗೆ ಗರಗಸ ಸಿಕ್ಕಿಸಿದರೆ ಮರ ಹತ್ತುವ ಗೋಜಿಲ್ಲ.

ಬಸಿಗಾಲುವೆ_ಭಟ್ಟ:
ಎಷ್ಟು ಕಿಲೋ? ನನ್ನದು 60 ಅಡಿ, ಒಂದೇ ಕೈಯಲ್ಲಿ ಎತ್ತುತ್ತೇನೆ.

ಹಾನಗಲ್ಲ_ತೋಟ:
ಹಳೆಗತ್ತಿಯವರೇ, ನಿನ್ನೆ ನಾಲ್ಕು ಮರ ಮುಗಿಸಿದೆವು. ಕತ್ತರಿಸಿದ ಕೊಂಬೆ ಸೀಳಿ ನೋಡಿದರೆ ಬೇರು ಗೇಣುದ್ದ ಒಳಗೆ ಓಡಿತ್ತು. ಈಗ ಇನ್ನೊಂದು ಸಂಕಟ: ಬದುವಿನ ಆಚೆ ಪಕ್ಕದವರ ಹೊಂಗೆಯ ತುಂಬ ಬದನಿಕೆ. ಬದನಿಕೆ ಹಕ್ಕಿಗಳು ಅಲ್ಲಿ ಹಣ್ಣು ತಿಂದು ಅಂಟುಬೀಜವನ್ನು ನಮ್ಮ ಚಿಕ್ಕುವಿನ ಕೊಂಬೆಗೆ ಒರೆಸುತ್ತವೆ. ಹಣ್ಣಾಗುವ ಮುಂಚೆ ಕಡಿಯಿರಿ ಎಂದರೆ ಪಕ್ಕದವರು ಒಪ್ಪುತ್ತಿಲ್ಲ, ಎಮ್ಮೆಗೆ ಸೊಪ್ಪಾಗುತ್ತದೆ ಎನ್ನುತ್ತಾರೆ. ಏನು ಮಾಡಲಿ?

ಶಿರಸಿ_ಅಡಿಕೆ:
ಭಟ್ಟರೇ, 60 ಅಡಿಯದ್ದನ್ನು ಪೂರ್ತಿ ಬಿಚ್ಚಿ ಒಂದೇ ಕೈಯಲ್ಲಿ? ವಿಡಿಯೋ ಹಾಕಿ ನೋಡೋಣ.

ಬಸಿಗಾಲುವೆ_ಭಟ್ಟ:
ಮಳೆ ಬಿಡಲಿ.