ಪುಣೆಯಿಂದ ಸ್ಟುಟ್‌ಗಾರ್ಟ್‌ಗೆ 72,000 ಯೂರೊ ಆಫರ್: ಸಂಸಾರ ಸಮೇತ ಹೋಗಬಹುದೇ?

ವಾಕಡ್_ಕನ್ನಡಿಗ:
ಹಿಂಜೆವಾಡಿಯಲ್ಲಿ ಆಟೊಮೋಟಿವ್ ಸಾಫ್ಟ್‌ವೇರ್ ಕೆಲಸ, ಸಿಟಿಸಿ 34 ಲಕ್ಷ. ಹೆಂಡತಿಯದು 14 ಲಕ್ಷ. ಇಬ್ಬರದೂ ಸೇರಿ ತಿಂಗಳಿಗೆ ಕೈಗೆ 3 ಲಕ್ಷದ ಹತ್ತಿರ ಬರುತ್ತೆ. ಫ್ಲ್ಯಾಟಿನ ಇಎಂಐ 62 ಸಾವಿರ, ಮನೆಖರ್ಚು, ಸ್ಕೂಲು ಎಲ್ಲ ಸೇರಿ ಇನ್ನೊಂದು 1.1 ಲಕ್ಷ. ಮಗಳಿಗೆ 9, ಮಗನಿಗೆ 4. ಅಪ್ಪ ಅಮ್ಮ ಧಾರವಾಡದಲ್ಲಿ. ಈಗ ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ವರ್ಷಕ್ಕೆ 72,000 ಯೂರೊ ಆಫರ್ ಬಂದಿದೆ, ಅಲ್ಲಿನ ಲೋಕಲ್ ಕಾಂಟ್ರ್ಯಾಕ್ಟ್. ನೂರರಿಂದ ಗುಣಿಸಿದರೆ 72 ಲಕ್ಷ! ಈ ಲೆಕ್ಕ ನಂಬಬಹುದಾ? ಎಲ್ಲರೂ ಒಟ್ಟಿಗೆ ಹೋಗೋದಾ, ನಾನೊಬ್ಬನೇ ಮೊದಲು ಹೋಗೋದಾ? ವಾಕಡ್ ಫ್ಲ್ಯಾಟ್ ಏನು ಮಾಡಲಿ?

ಪೇಸ್ಲಿಪ್_ಪುರಾಣ:
ನೂರರಿಂದ ಗುಣಿಸೋದನ್ನ ಮೊದಲು ಬಿಡಿ. ತಿಂಗಳಿಗೆ 6,000 ಯೂರೊದಲ್ಲಿ ಪಿಂಚಣಿಗೆ ಶೇ 9.3, ನಿರುದ್ಯೋಗ ವಿಮೆಗೆ ಶೇ 1.3, ಮೇಲೆ ಆರೋಗ್ಯ ವಿಮೆ, ಆರೈಕೆ ವಿಮೆ. ಇಷ್ಟಕ್ಕೇ 1,200 ಹೋಯ್ತು. ಆಮೇಲೆ ತೆರಿಗೆ. ಅದು ನಿಮ್ಮ ಟ್ಯಾಕ್ಸ್ ಕ್ಲಾಸ್ ಮೇಲೆ, ಅಂದರೆ ಮದುವೆ, ಸಂಗಾತಿಯ ದುಡಿಮೆ ನೋಡಿ ಕೊಡೋ ತೆರಿಗೆ ವರ್ಗದ ಮೇಲೆ ನಿಂತಿದೆ. 2025ರ ದರದಲ್ಲಿ ಕ್ಲಾಸ್ 3 ಇದ್ದರೆ ಕೈಗೆ ಸುಮಾರು 4,150, ಕ್ಲಾಸ್ 1 ಇದ್ದರೆ 3,650ರ ಹತ್ತಿರ.

ಎಡವೋದು ಇಲ್ಲೇ. ಹೆಂಡತಿ ಪುಣೆಯಲ್ಲಿದ್ದಷ್ಟು ದಿನ ನಿಮಗೆ ಕ್ಲಾಸ್ 1. ಅವರು ಬಂದು ವಿಳಾಸ ನೋಂದಾಯಿಸಿದ ಮೇಲೂ ತಾನಾಗಿ ಬರೋದು ಕ್ಲಾಸ್ 4, 3 ಅಲ್ಲ. ನಿಮಗೆ 3, ಅವರಿಗೆ 5 ಅನ್ನೋ ಜೋಡಿ ಬೇಕಾದರೆ ತೆರಿಗೆ ಕಚೇರಿಗೆ ಅರ್ಜಿ ಹಾಕಬೇಕು. ನಾಳೆ ಅವರಿಗೆ ಕೆಲಸ ಸಿಕ್ಕರೆ ಕ್ಲಾಸ್ 5ರಲ್ಲಿ ಕಡಿತ ಜೋರು, ವರ್ಷದ ಕೊನೆಗೆ ರಿಟರ್ನ್ ಹಾಕಿದಾಗ ಸರಿಹೋಗುತ್ತೆ. ಒಂದು ಅನುಕೂಲ ಇದೆ: 2025ರಲ್ಲಿ 73,800 ಯೂರೊಗಿಂತ ಕಡಿಮೆ ಸಂಬಳದವರು ಸರ್ಕಾರಿ ಆರೋಗ್ಯ ವಿಮೆಯಲ್ಲೇ ಇರಬೇಕು. ಅದರಲ್ಲಿ ದುಡಿಯದ ಹೆಂಡತಿ, ಮಕ್ಕಳಿಗೆ ಬೇರೆ ಕಂತಿಲ್ಲ. ಕಿಂಡರ್‌ಗೆಲ್ಡ್, ಅಂದರೆ ಮಕ್ಕಳ ಭತ್ಯೆ, 2025ರಲ್ಲಿ ತಲಾ 255. ಅರ್ಜಿ ತಡವಾದರೆ ಹಿಂದಿನ ಆರು ತಿಂಗಳದ್ದು ಮಾತ್ರ ಕೊಡ್ತಾರೆ.

ಅಂದರೆ 4,660 ಆದಾಯ. ನಾಲ್ವರಿಗೆ ಸಾಲುವ ಮನೆಗೆ ಹೀಟಿಂಗ್ ಸೇರಿ 1,600ರಿಂದ 1,900, ದಿನಸಿ 700, ಕರೆಂಟು, ಇಂಟರ್ನೆಟ್, ಫೋನು 160, ಟಿವಿ ಇಲ್ಲದಿದ್ದರೂ ಪ್ರತಿ ಮನೆ ಕಟ್ಟಬೇಕಾದ ಪ್ರಸಾರ ಶುಲ್ಕ 18.36, ಓಡಾಟದ ಪಾಸು, ಮಗನ ಕೀಟಾ (ಶಿಶುವಿಹಾರ), ವರ್ಷಕ್ಕೊಮ್ಮೆ ಊರಿಗೆ ನಾಲ್ಕು ಟಿಕೆಟ್. ಸಾವಿರ ಯೂರೊ ಉಳಿದರೆ ಜಾಣರು. ಅದರಲ್ಲಿ ಇಎಂಐ ಕಟ್ಟಬೇಕು. ಈಗ ಪುಣೆಯಲ್ಲೇ, ನಿಮ್ಮ ಅಂಕಿಯಲ್ಲೇ ಹೇಳೋದಾದರೆ, ತಿಂಗಳಿಗೆ 1.28 ಲಕ್ಷ ಉಳೀತಿದೆ. ಹೆಂಡತಿಗೆ ಅಲ್ಲಿ ಕೆಲಸ ಸಿಗುವ ತನಕ ಇದು ದುಡ್ಡಿನ ಲಾಭದ ಪ್ರಯಾಣ ಅಲ್ಲ. ನಿಮಗೆ ಬ್ಲೂ ಕಾರ್ಡ್, ಅಂದರೆ ಪರಿಣತ ಕೆಲಸಗಾರರಿಗೆ ಕೊಡೋ ವಾಸದ ಪರ್ಮಿಟ್, ಇದ್ದರೆ ಅವರಿಗೆ ಮೊದಲ ದಿನದಿಂದ ಕೆಲಸದ ಅನುಮತಿ ಇದೆ, ವೀಸಾಕ್ಕೆ ಜರ್ಮನ್ ಪರೀಕ್ಷೆಯೂ ಬೇಡ. ಆದರೆ ಇಂಟರ್‌ವ್ಯೂನಲ್ಲಿ ಕೇಳೋದು ಅದನ್ನೇ.

ಸಾಧನಕೇರಿ_ಹುಡುಗಿ:
ರೊಕ್ಕದ ಲೆಕ್ಕ ಮ್ಯಾಲೆ ಬಂದದ. ಖರೇ ಗಂಟು ಬೀಳೋದು ಮಗಳ ವಯಸ್ಸಿನಾಗ ನೋಡ್ರಿ. ಸ್ಟುಟ್‌ಗಾರ್ಟ್ ಇರೋ ಬಾಡೆನ್-ವುರ್ಟೆಂಬರ್ಗ್ ರಾಜ್ಯದಾಗ ಪ್ರಾಥಮಿಕ ಸಾಲಿ ನಾಕನೇತ್ತಾಕ ಮುಗೀತದ. ಐದನೇತ್ತಾಕ ಹುಡುಗರನ್ನ ಬ್ಯಾರೆ ಬ್ಯಾರೆ ನಮೂನಿ ಸಾಲಿಗೆ ಹಂಚತಾರ. ಯೂನಿವರ್ಸಿಟಿ ಕಡೆ ಸೀದಾ ಒಯ್ಯೋದು ಗಿಮ್ನಾಸಿಯುಂ. ಅದಕ್ಕ ತಂದಿ-ತಾಯಿ ಇಚ್ಛಾ, ಮಾಸ್ತರ ಶಿಫಾರಸು, ಕೊಂಪಾಸ್ 4 ಅನ್ನೋ ಪರೀಕ್ಷಾ, ಈ ಮೂರರಾಗ ಎರಡು ಕೂಡಿ ಬರಬೇಕು. ಪರೀಕ್ಷಾ ಇರೋದು ಜರ್ಮನ್ ಮತ್ತ ಗಣಿತದ್ದು, ಗಣಿತದ ಪ್ರಶ್ನಾನೂ ಜರ್ಮನ್‌ದಾಗ ಓದಿ ತಿಳ್ಕೋಬೇಕು. ಒಂಬತ್ತು ವರ್ಷದ ಕೂಸು ಹೋಗಿ ಇಳೀತಿದ್ದಂಗ ಇದು ಎದುರಿಗೆ ಬರತದ.

ಹೊಸದಾಗಿ ಬಂದ ಮಕ್ಕಳಿಗೆ ಭಾಷಾ ಕಲಿಸೋ ತಯಾರಿ ಕ್ಲಾಸ್ ಇರತಾವ. ಅದರ ಜೋಡಿ ಒಂದು ವರ್ಷ ಕೆಳಗಿನ ಕ್ಲಾಸಿಗೆ ಸೇರಿಸ್ಕೋರಿ ಅಂತ ಕೇಳಾಕ ನಾಚಬ್ಯಾಡ್ರಿ. ಮುಂದ ಸಾಲಿ ಬದಲಿ ಮಾಡಾಕ ಬರತದ, ಆದ್ರ ಹತ್ತೋದು ಕಷ್ಟ. ಇಂಟರ್‌ನ್ಯಾಷನಲ್ ಸಾಲಿಗೆ ಹಾಕತೀನಿ ಅಂದ್ರ ಒಂದು ಕೂಸಿಗೆ ವರ್ಷಕ್ಕ 15,000 ಯೂರೊ ಮ್ಯಾಲೇ, ನಿಮ್ಮ ಉಳಿತಾಯ ಅಲ್ಲೇ ಖಲಾಸ್. ಇವತ್ತೇ ಪುಣೆ ಮ್ಯಾಕ್ಸ್ ಮ್ಯುಲ್ಲರ್ ಭವನದಾಗ ತಾಯಿ, ಮಗಳ ಸಲುವಾಗಿ ಯಾವ ಜರ್ಮನ್ ಕ್ಲಾಸ್ ಅದಾವ ಕೇಳ್ರಿ.

ಸಣ್ಣವಂದು ಚಿಂತಿ ಇಲ್ಲ, ನಾಕು ವರ್ಷದವ್ರು ಆಡತಾ ಆಡತಾ ಕಲೀತಾರ. ಕೀಟಾ ಸೀಟು ಕಾನೂನಿನ ಹಕ್ಕು ಅಂತಾರ, ಕೈಗೆ ಸಿಗೂದು ಬ್ಯಾರೆ ಮಾತು. ಸೀಟು ಸಿಗಲಿಲ್ಲಂದ್ರ ನಿಮ್ಮ ಮನಿಯವರು ಕೆಲಸಕ್ಕ ಹೋಗೂದೂ ಆಗೂದಿಲ್ಲ.

ಇನ್ನೊಂದು, ಮೂರು ವರ್ಷಕ್ಕ ತಿರುಗಿ ಬರೋ ವಿಚಾರ ಇದ್ರ ನೆನಪಿಡ್ರಿ. 2020ರ ಕಾಯದೆ ಪ್ರಕಾರ ಮಹಾರಾಷ್ಟ್ರದಾಗ ಎಲ್ಲಾ ಬೋರ್ಡಿನ ಸಾಲ್ಯಾಗೂ ಮರಾಠಿ ಕಡ್ಡಾಯ. ನಡುವಿನ ಮೂರು ವರ್ಷದ ಮರಾಠಿ ಯಾರು ಕಲಸ್ತಾರ?

ಚಾಕಣ_ಬೋಲ್ಟ್:
ಒಟ್ಟಿಗೆ ಹೋಗೋದಾ ಒಬ್ಬರೇ ಹೋಗೋದಾ ಅನ್ನೋದಕ್ಕೆ: ಮೊದಲ ಆರು ತಿಂಗಳು ಸಾಮಾನ್ಯವಾಗಿ ಪ್ರೊಬೇಷನ್, ಆಗ ಎರಡು ವಾರದ ನೋಟಿಸ್ ಸಾಕು. ನಿರುದ್ಯೋಗ ಭತ್ಯೆಗೆ 30 ತಿಂಗಳೊಳಗೆ 12 ತಿಂಗಳ ಕಂತು ಕಟ್ಟಿರಬೇಕು. ಮೊದಲ ವರ್ಷ ಕೆಳಗೆ ಬಲೆ ಇಲ್ಲ ಅಂತಲೇ ತಿಳೀರಿ. ನನ್ನ ಮಟ್ಟಿಗೆ ನೀವು ಮೂರು ನಾಲ್ಕು ತಿಂಗಳು ಮುಂಚೆ ಹೋಗಿ ಮನೆ ಹಿಡಿಯೋದು ಸರಿ. ಕ್ಲಾಸ್ 1ರಿಂದ ತಿಂಗಳಿಗೆ ಸುಮಾರು ಐನೂರು ಯೂರೊ ಕಳೀತೀರಿ, ಪುಣೆಯ ಎರಡನೇ ಸಂಬಳ ಅದನ್ನು ತುಂಬುತ್ತೆ.

ಮನೆ ಅಂದರೆ ಇಲ್ಲಿನ ಹಾಗೆ ಸೆಮಿ ಫರ್ನಿಶ್ಡ್ ಅಂದುಕೊಳ್ಳಬೇಡಿ. ಅಡುಗೆಮನೆ ಅಂತ ತೋರಿಸೋ ಕೋಣೆಯಲ್ಲಿ ಗೋಡೆಯಿಂದ ಎರಡು ನೀರಿನ ಪೈಪು, ಒಲೆಗೊಂದು ವೈರು ಹೊರಗೆ ಚಾಚಿಕೊಂಡಿರುತ್ತೆ, ಅಷ್ಟೇ. ಸಿಂಕು, ಕಟ್ಟೆ, ಕಪಾಟು, ಎಷ್ಟೋ ಸಲ ದೀಪವೂ ನಿಮ್ಮದೇ. ಜಾಹೀರಾತಿನಲ್ಲಿ ಐನ್‌ಬೌಕ್ಯುಶೆ ಅಂತ ಇದ್ದರೆ ಅಡುಗೆಮನೆ ಕೂಡಿಸಿದೆ ಅಂತ ಅರ್ಥ. ಡಿಪಾಸಿಟ್ ಹೀಟಿಂಗ್ ಬಿಟ್ಟ ಬಾಡಿಗೆಯ ಮೂರು ತಿಂಗಳಿಗಿಂತ ಜಾಸ್ತಿ ಕೇಳುವಂತಿಲ್ಲ, ಮೂರು ಕಂತಲ್ಲಿ ಕೊಡುವ ಹಕ್ಕು ನಿಮಗಿದೆ.

ಮನೆಗೆ ಹೋದ ಎರಡು ವಾರದಲ್ಲಿ ವಿಳಾಸ ನೋಂದಣಿ ಆಗಬೇಕು. ಅದಕ್ಕೆ ಮಾಲೀಕರ ಸಹಿಯ ಪತ್ರ ಬೇಕು. ಕಂಪನಿ ಕೊಡೋ ತಾತ್ಕಾಲಿಕ ಅಪಾರ್ಟ್‌ಮೆಂಟಿನವರು ಆ ಪತ್ರ ಕೊಡ್ತಾರಾ ಅಂತ ಈಗಲೇ ಮೇಲ್‌ನಲ್ಲಿ ಕೇಳಿ. ನೋಂದಣಿ ಆದ ಮೇಲೆ ಟ್ಯಾಕ್ಸ್ ನಂಬರ್ ಅಂಚೆಯಲ್ಲೇ ಬರೋದು. ಟಪಾಲು ಡಬ್ಬಿ ಮೇಲೆ ನಿಮ್ಮ ಹೆಸರು ಅಂಟಿಸಿರದಿದ್ದರೆ ಅಂಚೆಯವರು ವಾಪಸ್ ಒಯ್ತಾರೆ. ಆ ನಂಬರ್ ಇಲ್ಲದೆ ಹೋದರೆ ಸಂಬಳಕ್ಕೆ ಕ್ಲಾಸ್ 6ರ ತೆರಿಗೆ ಬೀಳಬಹುದು, ಎಲ್ಲಕ್ಕಿಂತ ದುಬಾರಿ ಅದು. ಒಂದು ಚೂರು ಕಾಗದ, ಟೇಪು ಮೊದಲ ದಿನವೇ ಅಂಟಿಸಿ.

ಎನ್‌ಆರ್‌ಒ_ಮಾಮಾ:
ಫ್ಲ್ಯಾಟ್ ಮಾರಬೇಡಿ ಈಗಲೇ, ಒಂದು ವರ್ಷ ಬಾಡಿಗೆಗೆ ಕೊಡಿ. ಲೀವ್ ಅಂಡ್ ಲೈಸೆನ್ಸ್ ಅನ್ನೋ ಬಾಡಿಗೆ ಕರಾರು ಮಹಾರಾಷ್ಟ್ರದಲ್ಲಿ ನೋಂದಣಿ ಆಗಲೇಬೇಕು, 11 ತಿಂಗಳದ್ದಾದರೂ. ಮುಖತಃ ನೀವಿರೋಲ್ಲ, ಹಾಗಾಗಿ ಹೊರಡೋ ಮುಂಚೆ ಪುಣೆಯಲ್ಲೇ ಇರುವವರೊಬ್ಬರಿಗೆ ಪವರ್ ಆಫ್ ಅಟಾರ್ನಿ ನೋಂದಾಯಿಸಿ ಕೊಡಿ. ಧಾರವಾಡದಲ್ಲಿರೋ ತಂದೆಯವರ ಹೆಸರಿಗೆ ಮಾಡಿದರೆ ಪ್ರತಿ ಸಲ ಅವರು ಬಸ್ಸು ಹತ್ತಬೇಕು. ಮಾಲೀಕರು ವಾಸ ಇಲ್ಲದ್ದಕ್ಕೆ ಸೊಸೈಟಿಯವರು ನಾನ್ ಆಕ್ಯುಪೆನ್ಸಿ ಚಾರ್ಜ್ ಅಂತ ಬಾಯಿಗೆ ಬಂದಷ್ಟು ಕೇಳಿದರೆ, ಸರ್ವಿಸ್ ಚಾರ್ಜಿನ ಶೇ 10 ಮಿತಿ ಅಂತ ಹೇಳಿ.

ನೀವು ಎನ್‌ಆರ್‌ಐ ಆದ ಮೇಲೆ ಬಾಡಿಗೆದಾರರು ಬಾಡಿಗೆಯಲ್ಲಿ ಶೇ 31.2 ಟಿಡಿಎಸ್ ಹಿಡೀಬೇಕು. ಎಷ್ಟೋ ಜನಕ್ಕೆ ಗೊತ್ತೇ ಇರೋಲ್ಲ, ಆಮೇಲೆ ಜಗಳ. ಕರಾರಿನಲ್ಲೇ ಬರೆಸಿ. ಸೇವಿಂಗ್ಸ್ ಖಾತೆಯನ್ನ ಎನ್‌ಆರ್‌ಒ (ಅನಿವಾಸಿಯ ಇಲ್ಲಿನ ಆದಾಯದ ಖಾತೆ) ಮಾಡಿಸಿ, ಯೂರೊ ಕಳಿಸೋಕೆ ಎನ್‌ಆರ್‌ಇ (ವಿದೇಶಿ ಗಳಿಕೆಯ ಖಾತೆ) ತೆಗೀರಿ. ಪಿಪಿಎಫ್ ಅವಧಿ ಮುಗಿಯೋ ತನಕ ಕಟ್ಟಬಹುದು, ಮುಂದುವರಿಸೋಕೆ ಆಗೋಲ್ಲ. ಕೆಲಸಕ್ಕೆಂದು ಹೊರಡೋರು ಸೆಪ್ಟೆಂಬರ್ 28ರೊಳಗೆ ವಿಮಾನ ಹತ್ತಿದರೆ, ಮತ್ತೆ ಮಾರ್ಚ್ ತನಕ ಬರದಿದ್ದರೆ, ಏಪ್ರಿಲ್‌ನಿಂದ ಇಲ್ಲಿದ್ದದ್ದು 181 ದಿನ, 182 ತುಂಬಲ್ಲ. ತೆರಿಗೆ ಲೆಕ್ಕದಲ್ಲಿ ಆ ವರ್ಷವೇ ಅನಿವಾಸಿ. ಇಲ್ಲಿನ ಸಿಮ್ ಮಾತ್ರ ಬಿಡಬೇಡಿ, ಓಟಿಪಿ ಎಲ್ಲ ಅದಕ್ಕೇ ಬರೋದು.

ವಾಕಡ್_ಕನ್ನಡಿಗ:
ಎಲ್ಲರಿಗೂ ಥ್ಯಾಂಕ್ಸ್. ಅಪ್ಪ ಅಮ್ಮನ್ನ ಮುಂದೆ ಕರೆಸ್ಕೊಳ್ಳೋಕೆ ಆಗುತ್ತಾ?

ಪೇಸ್ಲಿಪ್_ಪುರಾಣ:
2024ರ ಮಾರ್ಚ್ 1ರ ನಂತರ ಮೊದಲ ಪರ್ಮಿಟ್ ಪಡೆದ ಬ್ಲೂ ಕಾರ್ಡಿನವರಿಗೆ ಕಾನೂನು ದಾರಿ ಕೊಟ್ಟಿದೆ. ಸಿಕ್ಕಿಬೀಳೋದು ಆರೋಗ್ಯ ವಿಮೆಯಲ್ಲಿ. ನಿಮ್ಮ ಸರ್ಕಾರಿ ವಿಮೆಯ ಕುಟುಂಬದಲ್ಲಿ ತಂದೆ ತಾಯಿ ಸೇರೋಲ್ಲ, ವಯಸ್ಸಾದವರಿಗೆ ಖಾಸಗಿ ವಿಮೆ ಸಿಗೋದು ಕಷ್ಟ, ಸಿಕ್ಕರೂ ದುಬಾರಿ. ಮೂರು ತಿಂಗಳ ವಿಸಿಟ್ ವೀಸಾ ಲೆಕ್ಕ ಹಿಡೀರಿ, ಧಾರವಾಡದಲ್ಲಿ ಅವರ ಪಾಲಿಸಿ ನಿಲ್ಲಿಸಬೇಡಿ. ಎಚ್‌ಆರ್‌ಗೆ ಸಂಬಳ ಜಾಸ್ತಿ ಕೇಳೋದಕ್ಕಿಂತ ಮೂರನ್ನು ಕೇಳಿ: ನೋಂದಣಿ ಮಾಡಿಸಬಹುದಾದ ಮೂರು ತಿಂಗಳ ಮನೆ, ಹೆಂಡತಿಯ ಜರ್ಮನ್ ಕ್ಲಾಸಿನ ಫೀಸು, ಕೀಟಾ ಹುಡುಕೋಕೆ ಏಜೆಂಟು. ಒಪ್ಪಿದ್ದನ್ನು ಕಾಂಟ್ರ್ಯಾಕ್ಟಿನಲ್ಲಿ ಬರೆಸಿ, ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.